ಕೂಗಿದ ಕಡೆ ಎಣ್ಣೆ

ಡಬ್ಬದಲ್ಲಿ ಬರುವ ಸೈಕಲ್ ಕಂಡರೆ ನನಗೆ ಮೈ ಉರಿಯುತ್ತದೆ. ಅರ್ಧ ಜೋಡಿಸಿ, ಅರ್ಧ ಬಿಚ್ಚಿಟ್ಟು, ಸುತ್ತ ಥರ್ಮಾಕೋಲ್ ತುರುಕಿ, ಮೇಲೊಂದು ಚಿತ್ರದ ಹಾಳೆ ಇಟ್ಟು ಕಳಿಸಿಬಿಡುತ್ತಾರೆ. ಮಿಕ್ಕದ್ದು ಕೊಂಡವರ ಹಣೆಬರಹ. ಹಾಗಂತ ನಾನೇನು ಅವರಿಂದ ದೂರ ಉಳಿದವನಲ್ಲ. ಫೋನಿನಲ್ಲೇ ಸೈಕಲ್ ಮಾರುವ ಒಂದು ಕಂಪನಿಗೆ ಚಳ್ಳಕೆರೆ, ಮೊಳಕಾಲ್ಮೂರು ಎರಡೂ ತಾಲ್ಲೂಕಿನ ದೂರುಗಳನ್ನು ನೋಡಿಕೊಡುವವನು ನಾನೇ. ಚಳ್ಳಕೆರೆಯ ಮಾರುಕಟ್ಟೆ ಯಾರ್ಡಿನ ಹತ್ತಿರ ನನ್ನದೊಂದು ಸೈಕಲ್ ಅಂಗಡಿ ಇದೆ. ಪಂಕ್ಚರ್ ಹಾಕಿಸಲು ಬರುವವರೂ ಕಡಿಮೆಯಾದ ಮೇಲೆ ಈ ಕೆಲಸ ಒಪ್ಪಿಕೊಂಡೆ. ಬೈಯುತ್ತಲೇ ಮಾಡುತ್ತೇನೆ.

ಯಾರ್ಡಿಗೆ ಶೇಂಗಾ ಬರುವ ಕಾಲ. ಲಾರಿಗಳ ಧೂಳಿನ ನಡುವೆ ಕೂತು ಒಂದು ಗಾಲಿಯ ಡೊಂಕು ತೆಗೆಯುತ್ತಿದ್ದೆ. ಕಂಪನಿಯ ಕಡೆಯಿಂದ ದೂರುಗಳನ್ನು ಹಂಚುವ ಸಂಯೋಜಕ ಫೋನ್ ಮಾಡಿದ.

"ಮೊಳಕಾಲ್ಮೂರಲ್ಲಿ ಒಂದು ಗೇರ್ ಸೈಕಲ್ ಕೇಸ್ ಐತೆ ಮೇಸ್ತ್ರಿ. ಗುಡ್ಡಗಾಡಲ್ಲಿ ಓಡ್ಸೋ ಮಾಡೆಲ್ಲು. ಹೊಸಾದು. ಹೆಣ್ಮಗಳೊಬ್ಳು ಬಿದ್ದು ಕೈ ಮುರ್ಕೊಂಡವ್ಳಂತೆ. ಮನೇಲಿ ಅವ್ರೇ ಫಿಟ್ ಮಾಡ್ಕೊಂಡವ್ರೆ. ಅದನ್ನ ಸ್ವಲ್ಪ ಸರಿಯಾಗಿ ನೋಡ್ರಿ."

ಅವನು 'ಅದನ್ನ' ಎಂದು ಒತ್ತಿ ಹೇಳಿದ್ದು ಯಾವುದನ್ನು ಎಂದು ನನಗೆ ತಿಳಿಯಿತು. ಮನೆಯವರು ಜೋಡಿಸಿದ್ದರಲ್ಲಿ ತಪ್ಪು ಸಿಕ್ಕರೆ ಕಂಪನಿ ಕೈ ತೊಳೆದುಕೊಳ್ಳಬಹುದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಇವರಿಗೆ ಹೊಸದಲ್ಲ. ಮಾರನೇ ದಿನ ಬೆಳಗ್ಗೆ ಟೂಲ್ಸ್ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದೆ. ತಳಕು ದಾಟುವವರೆಗೂ ಕಂಪನಿಗೆ ಏನೇನು ಬೈಯಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ. ಆ ಮನೆಯಲ್ಲಿ ನನಗೆ ಅದಕ್ಕಿಂತ ಕಷ್ಟದ ಮಾತು ಕಾದಿದೆ ಎಂದು ಗೊತ್ತಿರಲಿಲ್ಲ.

ಅದು ನೇಕಾರರ ಬೀದಿ. ಒಂದೊಂದು ಮನೆಯಿಂದಲೂ ಮಗ್ಗದ ಸದ್ದು ಬರುತ್ತಿತ್ತು, ನಾನು ಹೋಗಬೇಕಾದ ಮನೆಯೊಂದನ್ನು ಬಿಟ್ಟು. ಒಳಗೆ ನಡುಮನೆಯಲ್ಲೇ ಗುಂಡಿ ಮಗ್ಗ. ಅರ್ಧ ನೇಯ್ದ ರೇಷ್ಮೆ ಸೀರೆ ಅದರ ಮೇಲೆ ಹಾಗೇ ಇತ್ತು. ಧೂಳು ಬೀಳದಿರಲೆಂದು ಹಳೆಯ ಪಂಚೆ ಹೊದಿಸಿದ್ದರು. ಒಡಲಿಗೆ ಒಂದು ಬಣ್ಣ, ಅಂಚಿಗೆ ಇನ್ನೊಂದು ಬಣ್ಣ ಬರುವ ಸೀರೆ ಅದು. ಅಂಥದಕ್ಕೆ ಮಗ್ಗದಲ್ಲಿ ಇಬ್ಬರು ಕೂರಬೇಕು. ಒಬ್ಬರು ಅಪ್ಪ, ಇನ್ನೊಬ್ಬಳು ಮಗಳು. ಅತ್ತ ಕಡೆಯ ಅಂಚಿನ ಲಾಳಿ ಅವಳದು. ಅವಳು ಬಲಗೈಗೆ ಮೊಣಕೈವರೆಗೂ ಪಟ್ಟಿ ಹಾಕಿಸಿಕೊಂಡು ಗೋಡೆಗೆ ಒರಗಿ ಕೂತಿದ್ದಳು. ಮುಂಗೈ ಮೂಳೆಗೆ ಪ್ಲೇಟ್ ಹಾಕಿದ್ದಾರೆ, ಮೊದಲಿನ ಹಾಗೆ ತಿರುಗುವುದು ಅನುಮಾನ ಎಂದು ಡಾಕ್ಟರು ಹೇಳಿದ್ದರಂತೆ. ಇಪ್ಪತ್ತೈದರ ಆಚೀಚಿನ ಹೆಣ್ಣುಮಗಳು.

ಅಪ್ಪ ಐವತ್ತು ದಾಟಿದವರು, ತೆಳ್ಳನೆಯ ಮನುಷ್ಯ. ಮನೆಮಾತು ತೆಲುಗು. ನನ್ನ ಹತ್ತಿರ ಕನ್ನಡದಲ್ಲೇ ಮಾತಾಡಿದರು. ನೀರು ಕೊಟ್ಟು, ಕೂರಿ ಎಂದು ಹೇಳುವ ಮೊದಲೇ ಶುರುಮಾಡಿದರು.

"ನಾನೇ ಜೋಡಿಸಿದ್ದು ಮೇಸ್ತ್ರಿ. ಆ ಚಿತ್ರದ ಹಾಳೆ ನೋಡ್ಕೊಂಡು. ಅವತ್ತಿಂದ ನಂಗೆ ನಿದ್ದಿಲ್ಲ. ತಪ್ಪು ನನ್ ಕೈಯಾಗಿದ್ರೆ ಮುಚ್ಚಿಡಬ್ಯಾಡ್ರಿ, ಹೇಳ್ಬಿಡ್ರಿ."

"ನೋಡಿ ಹೇಳ್ತೀನ್ರಿ" ಎಂದೆ.

ಸೈಕಲ್ಲನ್ನು ಹಿತ್ತಲಿನ ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದರು. ಬಿದ್ದ ದಿನ ಹೇಗೆ ತಂದರೋ ಹಾಗೇ ಇತ್ತು. ಒಂದು ಹ್ಯಾಂಡಲ್ ತುದಿಯಲ್ಲಿ ಮಣ್ಣು, ಪೆಡಲ್‌ನಲ್ಲಿ ಜಾಲಿಮುಳ್ಳು. ಯಾರೂ ಒರೆಸಿರಲಿಲ್ಲ, ಅದು ಒಳ್ಳೆಯದೇ ಆಯಿತು. ಇಂಥ ಸೈಕಲ್ಲನ್ನು ಮೊದಲು ತೊಳೆದರೆ ಅರ್ಧ ಸಾಕ್ಷಿ ಚರಂಡಿಗೆ ಹೋಗುತ್ತದೆ. ಅದನ್ನು ನಡುಮನೆಗೆ ತಂದೆ. ಅಲ್ಲಿನ ತೊಲೆಯಲ್ಲಿ ಹಿಂದೆ ತೊಟ್ಟಿಲು ಕಟ್ಟುತ್ತಿದ್ದ ಕೊಂಡಿ ಇತ್ತು. ಅದಕ್ಕೆ ಹಗ್ಗ ಹಾಕಿ ಸೀಟನ್ನು ನೇತುಹಾಕಿದೆ. ಗಾಲಿ ಎರಡೂ ನೆಲ ಬಿಟ್ಟವು.

ಮೊದಲು ಅವರು ಜೋಡಿಸಿದ್ದನ್ನೇ ನೋಡಿದೆ. ಕಂಪನಿಯವನು ಹೇಳಿದ ಅಂತಲ್ಲ. ಆ ಮನುಷ್ಯ ನನ್ನ ಬೆನ್ನ ಹಿಂದೆ ಉಸಿರು ಬಿಗಿಹಿಡಿದು ನಿಂತಿದ್ದರು, ಅದಕ್ಕೆ. ಹ್ಯಾಂಡಲ್ ಹಿಡಿದ ತಗಡಿಗೆ ನಾಲ್ಕು ಬೋಲ್ಟು. ಮನೆಯಲ್ಲಿ ಜೋಡಿಸುವವರು ಸಾಮಾನ್ಯವಾಗಿ ಮೇಲಿನ ಎರಡನ್ನು ಸಾಯುವಂತೆ ಬಿಗಿದು ಕೆಳಗಿನದನ್ನು ಮರೆಯುತ್ತಾರೆ. ಇಲ್ಲಿ ಮೇಲೆ ಕೆಳಗೆ ಸಂದು ಒಂದೇ ಅಳತೆ ಇತ್ತು. ಎಡಗಡೆಯ ಪೆಡಲ್ ಉಲ್ಟಾ ತಿರುಗುತ್ತದೆ; ಎಷ್ಟೋ ಜನ ಬಲವಂತ ಮಾಡಿ ತಿರುಪಿನ ಮರೆಯನ್ನೇ ಹಾಳು ಮಾಡಿ ನನ್ನ ಅಂಗಡಿಗೆ ತರುತ್ತಾರೆ. ಇವರು ಸರಿಯಾಗಿಯೇ ಹಾಕಿದ್ದರು. ಮುಂದಿನ ಗಾಲಿ ನೆಟ್ಟಗೆ ಕೂತಿತ್ತು. ಸೀಟು ಸರಿ.

"ಇದನ್ನ ಯಾರು ಹೇಳ್ಕೊಟ್ರು ನಿಮಗೆ?" ಎಂದು ಬೋಲ್ಟು ತೋರಿಸಿ ಕೇಳಿದೆ.

"ಯಾರು ಹೇಳ್ಕೊಡ್ತಾರ್ರಿ. ಒಂದೇ ಕಡೆ ಬಿಗಿದ್ರೆ ಹಾಸು ಓರೆಯಾಗ್ತೈತೆ. ಎದುರುಬದುರು ಇಷ್ಟಿಷ್ಟೇ ಬಿಗಿಬೇಕು. ಮಗ್ಗಾನೂ ಹಂಗೇ."

ನಿಮ್ಮದರಲ್ಲಿ ಏನೂ ತಪ್ಪಿಲ್ಲ ಎಂದು ಅಲ್ಲಿಗೇ ಹೇಳಿ ಹೊರಟಿದ್ದರೆ ಎಷ್ಟು ಚೆನ್ನಾಗಿತ್ತು. ಆದರೆ ಡಬ್ಬದಲ್ಲಿ ಮೊದಲೇ ಜೋಡಿಸಿ ಬಂದ ಭಾಗ ಇನ್ನೂ ಬಾಕಿ ಇತ್ತು.

ಅಲ್ಲಿಂದ ಒಂದೊಂದೇ ಹೊರಬಿತ್ತು. ಹಿಂದಿನ ಗೇರನ್ನು ಹದ್ದುಬಸ್ತಿನಲ್ಲಿಡುವ ಪುಟ್ಟ ಸ್ಕ್ರೂ ಸೆಟ್ ಮಾಡಿಯೇ ಇರಲಿಲ್ಲ; ಕೊನೆಯ ಗೇರಿಗೆ ಎಳೆದರೆ ಚೈನು ಹೋಗಿ ಸ್ಪೋಕಿಗೆ ಸಿಕ್ಕಿಕೊಳ್ಳುತ್ತಿತ್ತು. ಹಿಂದಿನ ಬ್ರೇಕಿನ ಹಿಡಿ ಅದುಮಿದರೆ ಹ್ಯಾಂಡಲ್ಲಿಗೇ ಬಂದು ತಾಗಿತು. ಕೇಬಲ್ಲನ್ನು ಹಿಡಿದಿಡಬೇಕಾದ ಬೋಲ್ಟಿಗೆ ಸ್ಪ್ಯಾನರ್ ಹಾಕಿದೆ. ಒಂದು ಬೆರಳಿನ ಬಲಕ್ಕೇ ತಿರುಗಿತು. ಕಾರ್ಖಾನೆಯಲ್ಲಿ ಅದನ್ನು ಕೈಯಲ್ಲಿ ತಿರುಗಿಸಿ ಬಿಟ್ಟಿದ್ದರು ಅಷ್ಟೆ. ಕೇಬಲ್ ಮೇಲೆ ಬೋಲ್ಟು ಕಚ್ಚಿದ ಗುರುತು ಒಂದು ಕಡೆ, ಈಗ ಬೋಲ್ಟು ಇರುವುದು ಇನ್ನೊಂದು ಕಡೆ. ನಡುವೆ ಹೆಬ್ಬೆರಳಿನಗಲ ಜಾರಿತ್ತು. ಅದರ ಪಕ್ಕದ ಪ್ಲಾಸ್ಟಿಕ್ ಪಟ್ಟಿ ಕಾರ್ಖಾನೆಯಲ್ಲಿ ಕಟ್ಟಿದ ಹಾಗೇ ಇತ್ತು, ಮನೆಯಲ್ಲಿ ಯಾರೂ ಅಲ್ಲಿ ಕೈಯಿಟ್ಟಿಲ್ಲ ಎಂಬುದಕ್ಕೆ ಅದೇ ಸಾಕು. ಮುಂದಿನ ಬ್ರೇಕಿನ ಹಿಡಿತವನ್ನು, ಅಂದರೆ ಪ್ಯಾಡು ಕೂರುವ ಇಕ್ಕಳದಂಥ ಭಾಗವನ್ನು, ಫೋರ್ಕಿಗೆ ಕೂರಿಸುವ ಎರಡು ಬೋಲ್ಟೂ ಸಡಿಲ. ಹಿಡಿತ ಒಂದು ಕಡೆಗೆ ವಾಲಿ ಗಾಲಿಯ ಜೊತೆ ತಿರುಗುವ ಉಕ್ಕಿನ ಡಿಸ್ಕಿಗೆ ಸದಾ ಉಜ್ಜುತ್ತಿತ್ತು.

ಬಾಯಿಗೆ ಬಂದ ಬೈಗುಳವನ್ನು ಮಗಳಿದ್ದಾಳೆಂದು ನುಂಗಿಕೊಂಡೆ.

ಇನ್ನು ಹ್ಯಾಂಡಲ್ಲಿನ ಬುಡದ ಬೇರಿಂಗ್. ಅದನ್ನು ನೋಡುವ ರೀತಿ ಸುಲಭ. ಸೈಕಲ್ಲನ್ನು ನೆಲಕ್ಕಿಳಿಸಿ, ಮುಂದಿನ ಬ್ರೇಕನ್ನು ಗಟ್ಟಿಯಾಗಿ ಹಿಡಿದು, ಹಿಂದಕ್ಕೂ ಮುಂದಕ್ಕೂ ಅಲ್ಲಾಡಿಸಬೇಕು. ಗಾಲಿ ಕದಲಬಾರದು, ಬುಡದಲ್ಲಿ ಟಕ್ ಟಕ್ ಅಂದರೆ ಬೇರಿಂಗ್ ಸಡಿಲ ಎಂದರ್ಥ. ನಾನು ಬ್ರೇಕ್ ಹಿಡಿದು ಅಲ್ಲಾಡಿಸಿದೆ. ಗಾಲಿ ನಿಲ್ಲಲಿಲ್ಲ. ಸುಮ್ಮನೆ ಉರುಳಿಕೊಂಡು ಮುಂದೆ ಹೋಯಿತು. ಇನ್ನೂ ಬಲವಾಗಿ ಹಿಡಿದೆ. ಬೆರಳಿನ ಗೆಣ್ಣುಗಳು ಬೆಳ್ಳಗಾದವು, ಗಾಲಿ ಮಾತ್ರ ಉರುಳುತ್ತಲೇ ಇತ್ತು. ವಾಲಿದ ಹಿಡಿತಕ್ಕೆ ಬ್ರೇಕ್ ಸರಿಯಾಗಿ ಹತ್ತದೆ ಹೋಗಬಹುದು, ಆದರೆ ಹೀಗೆ ಬೆಣ್ಣೆಯಂತೆ ಜಾರುವುದಿಲ್ಲ.

"ಹಿಡೀವಲ್ದಾ?" ಎಂದರು ಅಪ್ಪ.

"ನೋಡ್ತೀನಿ ಇರ್ರಿ."

ಅವರು ಟೀ ಕುಡಿಸದೆ ಕಳಿಸುವವರಲ್ಲ. ಹಾಲು ತರುತ್ತೇನೆಂದು ಚೆಂಬು ಹಿಡಿದು ಹೊರಗೆ ಹೋದರು. ಅವರ ಹೆಂಡತಿ ಒಳಮನೆಯಲ್ಲಿ ರಾಟೆ ತಿರುಗಿಸುತ್ತಾ ನೂಲು ಸುತ್ತುತ್ತಿದ್ದರು. ನಾನು ಕೂತು ಡಿಸ್ಕಿನ ಮೇಲೆ ಬೆರಳು ಎಳೆದೆ. ಕಪ್ಪಗೆ, ಜಿಡ್ಡಾಗಿ ಬಂತು. ಮೂಸಿದೆ. ಎಣ್ಣೆ ಮಿಲ್ಲುಗಳ ಚಳ್ಳಕೆರೆಯಲ್ಲಿ ಹುಟ್ಟಿದವನಿಗೆ ಎಣ್ಣೆಯ ವಾಸನೆ ಯಾರೂ ಹೇಳಿಕೊಡಬೇಕಾಗಿಲ್ಲ. ಶೇಂಗಾ ಎಣ್ಣೆಯಲ್ಲ. ಹೊಲಿಗೆ ಮಿಷನ್ನಿಗೆ ಬಿಡುವಂಥ ತೆಳು ಎಣ್ಣೆ. ತಲೆ ಎತ್ತಿದರೆ ಎದುರಿಗೇ ಮಗ್ಗದ ಕಂಬದಲ್ಲಿ ಉದ್ದ ಮೂಗಿನ ಎಣ್ಣೆ ಡಬ್ಬಿ ನೇತಾಡುತ್ತಿತ್ತು.

"ಎಣ್ಣೆ ಸಿಕ್ತೇನ್ರೀ ಅಣ್ಣಾ?" ಎಂದಳು ಮಗಳು, ಮೆಲ್ಲಗೆ.

ನಾನು ಏನಾದರೊಂದು ಹೇಳಬೇಕೆಂದು, "ತುಕ್ಕು ಹಿಡೀಬಾರ್ದು ಅಂತ ಕಂಪನಿಯೋರೇ ಸವರಿ ಕಳ್ಸಿರ್ತಾರೆ ಒಂದೊಂದ್ಸಲ" ಎಂದೆ.

"ಅಲ್ಲ ಬಿಡ್ರಿ. ನಮ್ ನಾಯ್ನ ಹಾಕಿದ್ದು." ಅಪ್ಪನನ್ನು ಅವಳು ತೆಲುಗಿನವರಂತೆ ನಾಯ್ನ ಎನ್ನುತ್ತಿದ್ದಳು.

ಅವಳು ಹೇಳಿದ್ದು ಇಷ್ಟು. ಸುತ್ತಲಿನ ಹಟ್ಟಿಗಳಿಗೆ ಹೋಗಿ ಕುರಿ, ಮೇಕೆಗಳಿಗೆ ಲಸಿಕೆ ಹಾಕುವ, ಜಂತಿನ ಔಷಧ ಕುಡಿಸುವ ಕೆಲಸ ಅವಳಿಗೆ ಸಿಕ್ಕಿತ್ತು. ಅಪ್ಪನಿಗೆ ಒಂದಿಷ್ಟೂ ಇಷ್ಟವಿರಲಿಲ್ಲ. 'ಕುರಿ ಹಿಂದೆ ಓಡಕ್ಕೆ ರೇಷ್ಮೆ ನೇಯೋ ಕೈ ಬೇಕೇನೇ?' ಎಂದು ಕೇಳಿ ಮಾತು ಬಿಟ್ಟರು. ಮಗ್ಗದಲ್ಲಿ ಎದುರುಬದುರು ಕೂತರೂ ಲಾಳಿ ಅತ್ತಿಂದಿತ್ತ ಹೋಗುತ್ತಿತ್ತೇ ಹೊರತು ಮಾತು ಹೋಗುತ್ತಿರಲಿಲ್ಲ. ಕಲ್ಲುದಾರಿಗೆ ಆಗಲೆಂದು ಅವಳೇ ಈ ಸೈಕಲ್ ತರಿಸಿದಳು. ಡಬ್ಬ ಬಂದ ದಿನ ಅಪ್ಪ ಒಂದು ಮಾತೂ ಆಡದೆ ಬಂದು, ತಾವೇ ಬಿಚ್ಚಿ, ತಾವೇ ಜೋಡಿಸಿ ಎದ್ದು ಹೋದರು.

"ಕುರಿ ಮೇಯಕ್ಕೆ ಬಿಡೋದ್ರೊಳಗೆ ಹಟ್ಟಿ ಸೇರ್ಬೇಕಲ್ರಿ, ನಸುಕಲ್ಲೇ ಹೊರಡ್ತಿದ್ದೆ. ಕೆಲವು ದಿನಕ್ಕೇ ಮುಂದಿನ ಗಾಲಿ ಕೀಂಯ್ ಅಂತ ಕೂಗಕ್ಕೆ ಹತ್ತಿತು. ಅದನ್ನ ಕೇಳಿ ನಾಯ್ನ ಎದ್ದು ಬಂದ. ಡಬ್ಬಿ ತಂದು ಎಣ್ಣೆ ಬಿಟ್ಟ. ನಮ್ ಕಡೆ ಚಿಕ್ಕಂದಿಂದ ಹೇಳ್ಕೊಡೋದೇ ಅದು, ಕೂಗಿದ ಕಡೆ ಎಣ್ಣೆ, ಕಡಿದ ಕಡೆ ಗಂಟು ಅಂತ. ಗಾಲಿ ತಿರುಗ್ಸಿ ನೋಡಿ, 'ಹೂಂ, ಈಗ ಹೋಗ್ಬಾ' ಅಂದ. ಅಷ್ಟು ದಿನಕ್ಕೆ ನನ್ ಜೊತೆ ಆಡಿದ್ದು ಅದೇ ಮೊದಲ್ನೇ ಮಾತು."

"ಆಮೇಲೆ?"

"ಆಮೇಲೆ ದಿನಾ. ನಾನು ಮುಖ ತೊಳ್ಯೋದ್ರೊಳಗೆ ಸೈಕಲ್ ಹೊರಗೆ ತೆಗೆದು, ಎಣ್ಣೆ ಹಾಕಿ ನಿಲ್ಸಿರ್ತಿದ್ದ."

"ಬ್ರೇಕ್ ಹಿಡೀತಿಲ್ಲ ಅಂತ ನಿಂಗೆ ಗೊತ್ತಾಗ್ಲಿಲ್ವಾ ತಾಯಿ?"

"ಗೊತ್ತಾಗ್ದೆ ಏನ್ರಿ. ಬೀದಿ ತಿರುವಲ್ಲಿ ನಿಂತು ವೇಲಿನಲ್ಲಿ ಒರೆಸ್ಕೊಂಡು ಹೋಗ್ತಿದ್ದೆ. ಹಿಂದಿಂದು ಐತಲ್ಲ ಅಂತ ಧೈರ್ಯ."

ಹಿಂದಿನದೂ ಇರಲಿಲ್ಲ. ಗುಡ್ಡದ ಇಳಿಜಾರಿನಲ್ಲಿ ಒಂದು ಕುರಿಹಿಂಡು ಅಡ್ಡ ಬಂದಾಗ ಹಿಂದಿನ ಹಿಡಿ ಹ್ಯಾಂಡಲ್ಲಿಗೆ ತಾಗಿತು, ಮುಂದಿನದು ಜಾರಿತು. ಕುರಿಗಳ ಮೇಲೆ ಹೋಗಬಾರದೆಂದು ಬಂಡೆಯ ಕಡೆ ತಿರುಗಿಸಿದಳು. ಒಂದು ಬ್ರೇಕನ್ನು ಕಂಪನಿ ಕೊಂದಿತ್ತು, ಇನ್ನೊಂದನ್ನು ಎಣ್ಣೆ. ಎರಡರಲ್ಲಿ ಯಾವುದೊಂದು ಇದ್ದಿದ್ದರೂ ಆ ಕೈ ಉಳಿಯುತ್ತಿತ್ತು. ಎಣ್ಣೆ ಬಿದ್ದದ್ದಾದರೂ ಏಕೆ? ಗಾಲಿ ಕೂಗಿದ್ದಕ್ಕೆ. ಕೂಗಿದ್ದು ಕಂಪನಿಯ ಬೋಲ್ಟು ಸಡಿಲವಿದ್ದದ್ದಕ್ಕೆ. ಹೀಗೆ ಹಿಂದೆ ಹಿಂದೆ ಹೋಗಿ ಎಲ್ಲವನ್ನೂ ಕಂಪನಿಯ ತಲೆಗೇ ಕಟ್ಟಬಹುದಿತ್ತು. ಆದರೆ ಅಪ್ಪನಾದವನು ಹಾಗೆ ಹಿಂದೆ ಹಿಂದೆ ಹೋಗಿ ಯೋಚಿಸುವುದಿಲ್ಲ. ಎಣ್ಣೆಯ ಹತ್ತಿರವೇ ನಿಂತುಬಿಡುತ್ತಾನೆ.

"ಅವ್ನಿಗೆ ಹೇಳ್ಬ್ಯಾಡ್ರಿ ಅಣ್ಣಾ" ಎಂದಳು. "ನಿಮ್ಗೆ ಕೈ ಮುಗೀತೀನಿ ಅನ್ನಕ್ಕೂ ಒಂದೇ ಕೈ ಐತೆ. ಹೊಸ ಬ್ರೇಕ್ ಹಾಕ್ದಾಗ, ಇದಕ್ಕೆ ಎಣ್ಣೆ ಬ್ಯಾಡ, ಇದು ಬೇರೆ ಥರದ್ದು ಅಂದ್ಬಿಡ್ರಿ. ನಂಬ್ತಾನೆ."

ಒಪ್ಪಿಕೊಂಡೆ. ಅವಳ ಮುಖ ನೋಡಿ ಇಲ್ಲ ಎನ್ನಲು ನನ್ನಿಂದ ಆಗಲಿಲ್ಲ. ಬಟ್ಟೆಯಲ್ಲಿ ಬೆರಳು ಒರೆಸಿಕೊಂಡೆ.

ಅಪ್ಪ ಹಾಲು ತಂದು, ಟೀ ಆಗುವವರೆಗೂ ನನ್ನ ಮುಖವನ್ನೇ ನೋಡುತ್ತಾ ನಿಂತರು. ಕೇಬಲ್ ಜಾರಿದ ಗುರುತು ತೋರಿಸಿದೆ, ಸಡಿಲ ಬೋಲ್ಟುಗಳನ್ನು ಅವರ ಬೆರಳಿನಿಂದಲೇ ತಿರುಗಿಸಿ ನೋಡಿಸಿದೆ, ಗೇರಿನ ಸ್ಕ್ರೂ ತೋರಿಸಿದೆ. "ನೀವು ಜೋಡಿಸಿದ್ದರಲ್ಲಿ ಒಂದು ಕೂದಲೆಳೆಯಷ್ಟೂ ತಪ್ಪಿಲ್ಲ. ಕಂಪನಿಯೋರಿಗಿಂತ ನಿಮ್ ಕೈಯೇ ವಾಸಿ" ಎಂದೆ. ನನ್ನ ಬಾಯಿಂದ ಹೊರಟದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡಿದ್ದೆ ಅಷ್ಟೆ.

"ಅಂದ್ರೆ ನನ್ ಕೈಯಿಂದ ಆಗಿದ್ದಲ್ಲ?"

"ನೀವು ಜೋಡಿಸಿದ್ದರಿಂದ ಆಗಿದ್ದಲ್ಲ."

ಅವರು 'ರಾಮಾ' ಎಂದು ಮಗ್ಗದ ಅಂಚಿನ ಮೇಲೆ ಕೂತುಬಿಟ್ಟರು. ಪಂಚೆ ಸರಿಸಿ, ನೇಯ್ದು ನಿಂತ ಸೀರೆಯ ಮೇಲೆ ಅಂಗೈ ಆಡಿಸಿದರು. ಮಗಳು ಆ ಕಡೆ ನೋಡಿ ನಕ್ಕಳು. ಆ ನಗು ನೋಡಿ ನನಗೂ ನಾನು ಮಾಡಿದ್ದು ಸರಿ ಅನ್ನಿಸಿತು.

ಸಂಯೋಜಕನಿಗೆ ಫೋನ್ ಮಾಡಿ ಬಸ್‌ಸ್ಟ್ಯಾಂಡಿನಲ್ಲೇ ಬೈದೆ. "ಫಿಟ್ಟಿಂಗ್ ಅವ್ರದ್ದು ಸರಿ ಐತೆ. ಹಾಳಾಗಿರೋದು ನಿಮ್ದು. ಕೇಬಲ್, ಪ್ಯಾಡ್ ಕಳ್ಸು." ಅವನು ಮುಂದಿನ ಬ್ರೇಕಿನ ಬಗ್ಗೆ ಬೇರೆಯಾಗಿ ಏನೂ ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ ಗೊತ್ತಿಲ್ಲ.

ಕಂಪನಿಯವರು ಕಳಿಸಿದ ಪ್ಯಾಡಿನ ಆಕಾರವೇ ಬೇರೆ. ವಾಪಸು ಕಳಿಸಿ ಕಾದೆ. ಎರಡನೇ ಸಲವೂ ಅದೇ ಬಂತು. ಅವತ್ತೇ ಬಿಚ್ಚಿ ತಂದಿದ್ದ, ಎಣ್ಣೆ ಕುಡಿದ ಹಳೆಯ ಪ್ಯಾಡನ್ನು ಒಲೆಯ ಮೇಲೆ ಕಾಯಿಸಿ ಜಿಡ್ಡು ಬಿಡಿಸಲು ನೋಡಿದೆ; ಹೊಗೆ ಬಂತು, ವಾಸನೆ ಬಂತು, ಉಜ್ಜಿದರೆ ಮತ್ತೆ ಜಾರಿತು. ಒಮ್ಮೆ ಎಣ್ಣೆ ಹೀರಿದ ಪ್ಯಾಡು ಕಸಕ್ಕೇ. ಕೊನೆಗೆ ದಾವಣಗೆರೆಗೆ ಹೋಗುವವರ ಕೈಯಲ್ಲಿ ಹಳೆಯದನ್ನು ಮಾದರಿಗೆ ಕೊಟ್ಟು ತರಿಸಿದೆ. ಅಷ್ಟರಲ್ಲಿ ವಾರಗಳೇ ಕಳೆದವು.

ಮತ್ತೆ ಮೊಳಕಾಲ್ಮೂರಿಗೆ ಹೋದಾಗ ಅವಳ ಪಟ್ಟಿ ಬಿಚ್ಚಿದ್ದರು. ಮುಂಗೈ ಅರ್ಧ ತಿರುಗಿ ಅಲ್ಲೇ ನಿಲ್ಲುತ್ತಿತ್ತು. ಲಾಳಿ ಹಿಡಿಯಬಲ್ಲಳು, ಎಸೆಯಲಾರಳು. ಮಗ್ಗದ ಮೇಲೆ ಸೀರೆ ಅಲ್ಲೇ ಇತ್ತು. ಹಟ್ಟಿಯವರು ಮಾತ್ರ ಅವಳನ್ನು ಬಿಟ್ಟಿರಲಿಲ್ಲ, ನೀನು ಹೇಳು, ಔಷಧ ನಾವು ಕುಡಿಸುತ್ತೇವೆ, ಬಾ ಎನ್ನುತ್ತಿದ್ದರಂತೆ. ಅಪ್ಪನೇ ಅದನ್ನು ನನಗೆ ಹೇಳಿದರು, ಸ್ವಲ್ಪ ಹೆಮ್ಮೆಯಿಂದ. "ಕೈ ಇನ್ನಷ್ಟು ಬಲ ಬರ್ಲಿ, ಹೋಗ್ಲಿ. ಬೆಳಗ್ಗೆ ನಾನೇ ಎಬ್ಬಿಸಿ ಕಳಿಸ್ತೀನಿ" ಎಂದರು. ಅಪ್ಪ ಮಗಳ ನಡುವೆ ಮಾತು ಹರಿದಾಡುತ್ತಿತ್ತು. ಆ ಮನೆಗೆ ಅಷ್ಟು ಕತ್ತಲೆಯಲ್ಲೂ ಉಳಿದಿದ್ದ ಬೆಳಕು ಅದೊಂದೇ.

ಡಿಸ್ಕ್ ಬಿಚ್ಚಿ ಮೆಡಿಕಲ್ ಶಾಪಿನ ಸ್ಪಿರಿಟ್‌ನಲ್ಲಿ ತೊಳೆದೆ, ನಯವಾದ ಎಮರಿ ಹಾಳೆಯಲ್ಲಿ ಉಜ್ಜಿ ಮತ್ತೆ ತೊಳೆದೆ, ಬಿಳಿ ಬಟ್ಟೆಗೆ ಕಪ್ಪು ಹತ್ತದವರೆಗೂ. ಹಿಂದೆ ಹೊಸ ಕೇಬಲ್ ಎಳೆದು ಬಿಗಿದೆ. ಮುಂದೆ ಹಿಡಿತದ ಎರಡು ಬೋಲ್ಟು ಸಡಿಲಿಸಿ, ಹೊಸ ಪ್ಯಾಡ್ ಹಾಕಿ, ಬ್ರೇಕನ್ನು ಅದುಮಿ ಹಿಡಿದೇ ಬಿಗಿದೆ. ಹಾಗೆ ಮಾಡಿದರೆ ಹಿಡಿತ ತಾನಾಗಿ ನಡುವೆ ಬಂದು ಕೂರುತ್ತದೆ. ಹ್ಯಾಂಡಲ್ಲಿನ ಬುಡವನ್ನೂ ಬಿಗಿ ಮಾಡಿದೆ. ಬೀದಿಗೆ ಇಳಿಸಿ ಎರಡು ಸುತ್ತು ಓಡಿಸಿ ಬ್ರೇಕ್ ಹಿಡಿದೆ. ಗಕ್ಕನೆ ನಿಂತಿತು. ನಿಂತಾಗ ಕೀಂಯ್ ಎಂದು ಕೂಗಿತು. ಹೊಸ ಪ್ಯಾಡು, ಡಿಸ್ಕಿಗೆ ಹೊಂದಿಕೊಳ್ಳುವವರೆಗೆ ಕೂಗುವುದು ಸಹಜ.

"ಕೂಗ್ತೈತೆ, ತಡೀರಿ" ಎನ್ನುತ್ತಾ ಅಪ್ಪ ಒಳಗೆ ಹೋಗಿ ಡಬ್ಬಿ ತಂದರು.

ನಾನು ಅವರ ಮುಂಗೈ ಹಿಡಿದುಕೊಂಡೆ. ಬಾಯಲ್ಲಿ ಮಾತು ತಯಾರಿತ್ತು. "ಬ್ಯಾಡ್ರಿ, ಇದು ಹೊಸ ಥರದ ಪ್ಯಾಡು. ಇದಕ್ಕೆ ಎಣ್ಣೆ ಹಾಕಂಗಿಲ್ಲ."

"ಹೌದಾ?" ಎಂದರು. ಯಾವ ಅನುಮಾನವೂ ಇಲ್ಲದೆ ನಂಬಿದರು. ಬಾಗಿಲಲ್ಲಿ ನಿಂತಿದ್ದ ಮಗಳು ಉಸಿರು ಬಿಟ್ಟಳು. ನಾನೂ ಬಿಟ್ಟೆ.

"ಹಂಗಾರೆ ಎದುರುಮನೇದಕ್ಕೆ ಹಾಕ್ತೀನಿ" ಎಂದು ಅವರು ಬೀದಿ ದಾಟಲು ಹೊರಟರು. "ಅವ್ರೂ ಇಂಥದ್ದೇ ತರಿಸವ್ರೆ, ಹೆಂಡ್ತಿ ಹೊಲಕ್ಕೆ ಬುತ್ತಿ ಒಯ್ಯಕ್ಕೆ. ಅದು ಹಳೇ ಥರದ್ದೇ. ಹೋದ್ವಾರ ಕೂಗ್ತಿತ್ತು, ನಾನೇ ಹಾಕ್ಕೊಟ್ಟಿದ್ದೆ. ಮತ್ತೆ ಶುರುವಾಗೈತೆ ನೋಡ್ರಿ."

ಎದುರುಮನೆಯ ಜಗಲಿಗೆ ಒರಗಿಸಿದ್ದ ಸೈಕಲ್ ನನಗೂ ಕಂಡಿತು. ಅದೇ ಕಂಪನಿಯದು. ಮಗಳ ಕಡೆ ತಿರುಗಿದೆ. ಅವಳು ಬೇಡ ಎಂದು ತಲೆ ಅಲ್ಲಾಡಿಸುತ್ತಿದ್ದಳು. ಆಮೇಲೆ ಹೋಗಿ ಆ ಮನೆಯವರಿಗೆ ಗುಟ್ಟಾಗಿ ಹೇಳಬಹುದಿತ್ತಲ್ಲ ಎಂದು ಈಗ ಹೊಳೆಯುತ್ತದೆ. ಆದರೆ ಈ ಮನುಷ್ಯ ಮಾರನೇ ದಿನ ಮತ್ತೊಂದು ಮನೆಗೆ ಡಬ್ಬಿ ಹಿಡಿದು ಹೋಗುತ್ತಿದ್ದರು. ಬೀದಿಯಲ್ಲಿ ಯಾರ ಗಾಲಿ ಕೂಗಿದರೂ ಎದ್ದು ಬರುವ ಜೀವ ಅದು. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ? ಇವತ್ತಲ್ಲ ನಾಳೆ ತಿಳಿಯುವಂಥದ್ದು, ಇನ್ನೊಬ್ಬರ ಕೈ ಮುರಿದ ಮೇಲೆ ತಿಳಿಯುವುದು ಬೇಡ ಅನ್ನಿಸಿತು.

"ಅದಕ್ಕೂ ಬ್ಯಾಡ್ರಿ" ಎಂದೆ.

"ಅದು ಹಳೇದಲ್ಲೇನ್ರಿ?"

"ಹಳೇದಕ್ಕೂ ಬ್ಯಾಡ. ಯಾವುದಕ್ಕೂ ಬ್ಯಾಡ. ಆ ಬಿಲ್ಲೆ ಮ್ಯಾಲೆ ಎಣ್ಣೆ ಬಿದ್ರೆ ಬ್ರೇಕ್ ಹಿಡಿಯಂಗಿಲ್ಲ."

ಅವರು ನಡುಬೀದಿಯಲ್ಲಿ ನಿಂತರು. ಮೊದಲು ನನ್ನನ್ನು ನೋಡಿದರು, ಆಮೇಲೆ ಸೈಕಲ್ಲನ್ನು, ಆಮೇಲೆ ಮಗಳ ಕೈಯನ್ನು. ಬುದ್ಧಿವಂತ ಮನುಷ್ಯ, ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. ವಾಪಸು ಬಂದು ಮಗಳ ಎದುರು ನಿಂತು ತೆಲುಗಿನಲ್ಲಿ ಕೇಳಿದರು.

"ನೀಕು ತೆಲುಸಾ?" ನಿನಗೆ ಗೊತ್ತಿತ್ತಾ ಎಂದು.

"ತೆಲುಸು" ಎಂದಳು ಮಗಳು.

ಮುಂದಿನ ಮಾತೂ ತೆಲುಗಿನಲ್ಲೇ ನಡೆಯಿತು. ಗಡಿಯ ಕಡೆ ಓಡಾಡುವ ನನಗೆ ಅಷ್ಟು ಅರ್ಥವಾಗುತ್ತದೆ. ಗೊತ್ತಿದ್ದೂ ಯಾಕೆ ಹೇಳಲಿಲ್ಲ ಎಂದು ಅವರು ಕೇಳಿದರು. ಹೇಳಿದ್ದರೆ ಮಾರನೇ ಬೆಳಗ್ಗೆಯಿಂದ ನೀನು ಎದ್ದು ಬರುತ್ತಿರಲಿಲ್ಲವಲ್ಲ ಎಂದಳು.

ಅಪ್ಪ ಜಗಲಿಯ ಮೇಲೆ ಕೂತರು. ಅಳಲಿಲ್ಲ. ಕನ್ನಡಕ್ಕೆ ತಿರುಗಿ ನನಗೆ ಹೇಳಿದರು. "ಒಂದಿನಾನೂ ತಪ್ಪಿಸಿಲ್ಲ ಮೇಸ್ತ್ರಿ. ಜ್ವರ ಬಂದ ದಿನಾನೂ ಎದ್ದು ಹಾಕೀನಿ."

ಹಿಂದಿನ ಬ್ರೇಕ್ ಸರಿಯಿದ್ದಿದ್ದರೆ ಏನೂ ಆಗುತ್ತಿರಲಿಲ್ಲ, ಮೂಲ ತಪ್ಪು ಕಂಪನಿಯದೇ ಎಂದು ನಾನು ಶುರುಮಾಡಿದೆ. ಅವರು ಕೈ ಎತ್ತಿ ತಡೆದರು.

"ಹಿಂದಿಂದು ಅವ್ರದು. ಮುಂದಿಂದು ನಂದು. ತಿಳೀತು ಬಿಡ್ರಿ. ಅವತ್ತೇ ಕೇಳಿದ್ನಲ್ರಿ ನಿಮ್ಮನ್ನ, ಮುಚ್ಚಿಡಬ್ಯಾಡ್ರಿ ಅಂತ."

ಅವತ್ತೇ ಹೇಳಿದ್ದರೆ ಆ ನೋವು ಅವತ್ತಿಗೇ ಆಗುತ್ತಿತ್ತು. ನಾನು ಮೊದಲು ಅವರ ಎದೆಯ ಮೇಲಿನ ಕಲ್ಲನ್ನು ಇಳಿಸಿ, ಅವರು ಹಗುರಾದ ಮೇಲೆ ಅದಕ್ಕಿಂತ ದೊಡ್ಡದನ್ನು ಹೇರಿದ್ದೆ. ಎಷ್ಟೋ ಸೈಕಲ್ ಬಿಚ್ಚಿದ್ದೇನೆ. ಅಷ್ಟು ಹಾಳಾದ ಕೆಲಸವನ್ನು ನಾನು ಮತ್ತೊಂದು ಮಾಡಿಲ್ಲ.

ಅವರೇ ಎದ್ದು ಎದುರುಮನೆಗೆ ಹೋದರು. ಬುತ್ತಿ ಒಯ್ಯುವ ಹೆಂಗಸನ್ನು ಹೊರಗೆ ಕರೆದು, "ನಾನು ಎಣ್ಣೆ ಹಾಕಿದ್ದು ತಪ್ಪಾಗೈತಮ್ಮಾ. ಮೇಸ್ತ್ರಿ ತೊಳ್ದು ಕೊಡ್ತಾರೆ. ಅಲ್ಲೀವರ್ಗೂ ಹತ್ಬ್ಯಾಡ" ಎಂದರು. ಅವಳಿಗೆ ಯಾಕೆಂದು ತಿಳಿಯಲಿಲ್ಲ, ಸರಿ ಎಂದಳು. ನಾನು ಆ ಸೈಕಲ್ಲಿನ ಡಿಸ್ಕ್ ತೊಳೆದು, ಪ್ಯಾಡ್ ಬಿಚ್ಚಿಟ್ಟುಕೊಂಡು, ಬೇರೆ ಹಾಕುವವರೆಗೆ ಓಡಿಸಬೇಡಿ ಎಂದು ಹೇಳಿ ಬಂದೆ. ಅಪ್ಪ ಪಕ್ಕದಲ್ಲಿ ಕೂತು ಒಂದೊಂದನ್ನೂ ನೋಡಿದರು. ಮುಗಿದ ಮೇಲೆ ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಆಗಿನ್ನೂ ನಡುಮಧ್ಯಾಹ್ನ.

ಚೀಲ ಕಟ್ಟುತ್ತಿದ್ದೆ. ಮಗಳು ಬಂದು ಸೈಕಲ್ಲಿನ ಹ್ಯಾಂಡಲ್ ಹಿಡಿದು ನಿಂತಳು. ಬಲಗೈ ಬ್ರೇಕಿನ ಹಿಡಿಯವರೆಗೆ ಹೋಗಿ ಅಲ್ಲಿಂದ ತಿರುಗಲಾರದೆ ನಿಂತಿತು. ಎಡಗೈಯಿಂದ ಅದುಮಿ ನೋಡಿದಳು.

"ತಪ್ಪು ತಿಳ್ಕೋಬ್ಯಾಡವ್ವ" ಎಂದೆ. "ಎದುರುಮನೆ ಹೆಣ್ಮಗಳೂ ಬೀಳ್ತಿದ್ಳು."

"ಗೊತ್ತಾಗ್ತೈತೆ ಬಿಡ್ರಿ" ಎಂದಳು. ಸಿಟ್ಟಿರಲಿಲ್ಲ ಅವಳ ದನಿಯಲ್ಲಿ. ಇದ್ದಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು. "ಬ್ರೇಕ್ ಚೆನ್ನಾಗಿ ಹಿಡೀತೈತೆ. ಇನ್ಮೇಲೆ ಬೆಳಗ್ಗೆ ಸೈಕಲ್ ನಾನೇ ಹೊರಗೆ ತೆಕ್ಕೋಬೇಕು, ಅಷ್ಟೆ."